ಹನ್ನೆರಡೇ ಸ್ವಾಮಿ!

ಅಟ್ಟ ಗುಡಿಸುವಾಗ ಅಪ್ಪನ ಆಗ್ಫಾ ಕ್ಲಿಕ್ 3 ಸಿಕ್ಕಿತು. ಕರೀ ಪ್ಲಾಸ್ಟಿಕ್ಕಿನ ಡಬ್ಬಿ, ಬೆನ್ನಲ್ಲಿ ಫಿಲ್ಮಿನ ಅಂಕಿ ಇಣುಕುವ ಕೆಂಪು ಕಿಟಕಿ. ಬೆಳಕು ಹೊಂದಿಸೋಕೆ ಬಿಸಿಲು, ಮೋಡದ ಪುಟ್ಟ ಚಿತ್ರಗಳು. ಒಂದು ರೋಲಿಗೆ 12 ಫೋಟೊ, ಅಷ್ಟೇ. ಮೊಬೈಲಿನಲ್ಲಿ ಒಂದೇ ಇಡ್ಲಿಗೆ ಹದಿನೈದು ಹೊಡೆಯುವ ನಾನು ಏಕಾಏಕಿ ಪರಮ ಜಿಪುಣನಾದೆ. ಅತ್ತೆಯವರನ್ನು ತುಳಸಿಕಟ್ಟೆ ಮುಂದೆ ನಿಲ್ಲಿಸಿ, ಮೋಡ ಸರಿಯಲಿ ಅಂತ ಕಾಯಿಸಿದೆ. “ಬೇಗ ತೆಗೀರಪ್ಪ, ಒಲೆ ಮೇಲೆ ಹಾಲಿದೆ” ಅಂದರು. ತೆಗೆದೆ. ಅಷ್ಟರಲ್ಲಿ ಹಾಲು ಉಕ್ಕಿಯಾಗಿತ್ತು.

ಈ ಪುಣ್ಯಾತ್ಮ ಕ್ಯಾಮೆರಾ ಯಾರನ್ನೂ ಗದರುವುದಿಲ್ಲ. ತಿರುಪು ತಿರುಗಿಸಿ ಫಿಲ್ಮು ಮುಂದೆ ಸರಿಸಲು ಮರೆತರೆ, ಇದ್ದ ಚಿತ್ರದ ಮೇಲೆಯೇ ಇನ್ನೊಂದನ್ನು ಕೂರಿಸುತ್ತದೆ. ನಾನು ಮರೆತೆ. ಪ್ರಿಂಟಿನಲ್ಲಿ ಅತ್ತೆಯವರ ಮುಖದ ತುಂಬ ಪಕ್ಕದ ಮನೆಯ ಎಮ್ಮೆ ಶಾಂತವಾಗಿ ಮೆಲುಕು ಹಾಕುತ್ತಿದೆ. ಕೊಂಬೆರಡೂ ಸರಿಯಾಗಿ ಅವರ ಕಿವಿಯ ಪಕ್ಕದಿಂದಲೇ ಹೊರಟಿವೆ. ವೃತ್ತಿಪರರಿಗೂ ಇಷ್ಟು ಅಚ್ಚುಕಟ್ಟಾಗಿ ಬರಲಿಕ್ಕಿಲ್ಲ! ಉಳಿದ ಹನ್ನೊಂದರಲ್ಲಿ ಎಂಟು ನನ್ನ ಬೆರಳಿನ ಭಾವಚಿತ್ರಗಳು.

“ಫೋಟೊ ಬಂತಾ?” ಅಂತ ಅತ್ತೆ ದಿನಾ ಫೋನು ಮಾಡುತ್ತಾರೆ. ಇನ್ನೂ ತೊಳೆಯೋಕೆ ಕೊಟ್ಟಿಲ್ಲ ಅಂತಿದ್ದೇನೆ.