ಆಟದ ಎಂಜಿನ್ ಕೆಡಿಸುವ ಸುಲಭ ವಿಧಾನ

ಬೇಕಾಗುವ ಸಾಮಗ್ರಿ: ಕೈಗೆಟುಕುವುದರಲ್ಲೇ ದುಬಾರಿಯಾದ ಒಂದು ಕಂಪ್ಯೂಟರ್, ಮತ್ತು ‘ನನ್ನ ಮೆಷಿನ್‌ನಲ್ಲಿ ಚೆನ್ನಾಗಿಯೇ ಓಡ್ತಿದೆಯಲ್ಲ’ ಎನ್ನುವ ಧೈರ್ಯ. ಎರಡನೆಯದು ಧಾರಾಳವಾಗಿರಲಿ.

ಮೊದಲು ಆಟದ ಗಡಿಯಾರವನ್ನು ಫ್ರೇಮ್‌ಗೆ ಗಂಟುಹಾಕಿ. ಒಂದೊಂದು ಫ್ರೇಮ್‌ಗೂ ನಾಯಕ ಐದು ಪಿಕ್ಸೆಲ್ ಮುಂದೆ ಹೋಗಲಿ ಎಂದು ಬರೆದರೆ ಸಾಕು. ಸೆಕೆಂಡಿಗೆ 30 ಫ್ರೇಮ್ ತೋರಿಸುವ ಯಂತ್ರದಲ್ಲಿ ಅವನು 150 ಪಿಕ್ಸೆಲ್ ನಡೆಯುತ್ತಾನೆ. 144 ತೋರಿಸುವ ಯಂತ್ರದಲ್ಲಿ 720. ದುಡ್ಡಿದ್ದವರ ನಾಯಕ ಬೇಗ ಓಡುತ್ತಾನೆ, ಲೋಕರೂಢಿಯೇ ಅಲ್ಲವೇ. ಹಿರಿಯರ ಆಶೀರ್ವಾದವೂ ನಿಮಗಿದೆ. 4.77 ಮೆಗಾಹರ್ಟ್ಜ್ ಪ್ರೊಸೆಸರನ್ನೇ ನಂಬಿ ಬರೆದ ಆಟಗಳು ಮುಂದಿನ ಯಂತ್ರಗಳಲ್ಲಿ ಹುಚ್ಚೆದ್ದು ಓಡಿದ್ದರಿಂದ, ಹಳೆಯ ಪಿಸಿಗಳಿಗೆ ವೇಗ ಇಳಿಸುವ ಗುಂಡಿಯನ್ನೇ ಇಡಬೇಕಾಯಿತು. ಅದರ ಹೆಸರು ಟರ್ಬೊ! 2014ರಲ್ಲಿ ಪಿಸಿಗೆ ಬಂದ ಡಾರ್ಕ್ ಸೋಲ್ಸ್ 2ರಲ್ಲಿ, 60 ಫ್ರೇಮ್‌ನಲ್ಲಿ ಆಡುವವರ ಆಯುಧಗಳು ಎರಡು ಪಟ್ಟು ಬೇಗ ಸವೆಯುತ್ತಿದ್ದವು.

ಎಚ್ಚರಿಕೆ: ಅಪರೂಪಕ್ಕೆ ಇದರಿಂದ ಒಳ್ಳೆಯದೂ ಆದೀತು. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಶತ್ರುಗಳು ಸತ್ತಷ್ಟೂ ಯಂತ್ರದ ಹೊರೆ ಇಳಿದು, ಉಳಿದವರ ನಡಿಗೆ ಚುರುಕಾಗುತ್ತಿತ್ತು. ಆ ಆಟ ರೂಪಿಸಿದ ನಿಶಿಕಾಡೊ ಅದನ್ನು ತಿದ್ದದೆ ಹಾಗೇ ಬಿಟ್ಟರು; ಆಟದ ಎದೆಬಡಿತವೇ ಅದಾಯಿತು. ಇಂಥ ಅದೃಷ್ಟ ನಿಮಗೂ ಇದೆ ಎಂದುಕೊಳ್ಳಬೇಡಿ.

ಯಾರೋ ಬಲ್ಲವರು ಬಂದು, ‘ಚಿತ್ರ ಬಿಡಿಸುವ ಕೆಲಸವೇ ಬೇರೆ, ಲೆಕ್ಕದ ಕೆಲಸವೇ ಬೇರೆ. ಯೂನಿಟಿ ಎಂಜಿನ್‌ನಲ್ಲಿ ಭೌತಲೆಕ್ಕ ತಾನಾಗಿ 0.02 ಸೆಕೆಂಡಿಗೊಂದು ಹೆಜ್ಜೆ ಇಡುವ ಹಾಗೆ ನೀವೂ ಮಾಡಿ, ಮಿಕ್ಕ ಸಮಯ ಮುಂದಿನ ಫ್ರೇಮ್‌ನ ಖಾತೆಗೆ ಹೋಗಲಿ’ ಎಂದಾರು. ಒಪ್ಪಿಕೊಳ್ಳಿ. ಆದರೆ ಆ ಹೆಜ್ಜೆಯೊಳಗೆ 0.03 ಸೆಕೆಂಡಿನ ಕೆಲಸ ತುರುಕಿಬಿಡಿ. ಹೆಜ್ಜೆ ಮುಗಿಯುವಷ್ಟರಲ್ಲಿ ಇನ್ನೊಂದೂವರೆ ಹೆಜ್ಜೆ ಬಾಕಿ ಬಿದ್ದಿರುತ್ತದೆ. ಸಾಲ ತೀರಿಸಲು ಮಾಡಿದ ಸಾಲದಂತೆ ಬಾಕಿ ಬೆಳೆದು, ಆಟ ನಿಂತಲ್ಲೇ ಕಲ್ಲಾಗುತ್ತದೆ. ಒಂದು ಸಲಕ್ಕೆ ಇಷ್ಟೇ ಹೆಜ್ಜೆ ಎಂಬ ಮಿತಿ ಹಾಕಿದರೆ ಇದು ತಪ್ಪುತ್ತದೆ, ಆದ್ದರಿಂದ ಹಾಕಬೇಡಿ.

ಜಾಹೀರಾತಿಗೆ ಸೆಕೆಂಡಿಗೆಷ್ಟು ಫ್ರೇಮ್ ಎಂಬ ಸರಾಸರಿಯನ್ನೇ ಕೊಡಿ. 59 ಫ್ರೇಮ್ ಅರ್ಧ ಸೆಕೆಂಡಿನಲ್ಲಿ ಮುಗಿದು, ಕೊನೆಯದೊಂದೇ ಉಳಿದರ್ಧ ನುಂಗಿದರೂ ಸರಾಸರಿ ಅರವತ್ತೇ. ಆ ಒಂದು ಫ್ರೇಮ್ ಎಲ್ಲಿ ಬರಬೇಕು? ಬಣ್ಣ-ಬೆಳಕಿನ ಲೆಕ್ಕ ಹಾಕುವ ಶೇಡರ್‌ಗಳನ್ನು ಮೊದಲೇ ಸಿದ್ಧಪಡಿಸದೆ ಬಿಟ್ಟರೆ ಅದು ತಾನಾಗಿ ಮೊದಲ ಸ್ಫೋಟದ ಹೊತ್ತಿಗೇ ಬರುತ್ತದೆ. (ಅಲುಗಾಡದ 30, ತಡವರಿಸುವ 60ಕ್ಕಿಂತ ಕಣ್ಣಿಗೂ ಕೈಗೂ ಹಿತ. ಇದನ್ನು ಮಾರಾಟ ವಿಭಾಗದವರ ಮುಂದೆ ಹೇಳಬೇಡಿ.)

ಇನ್ನು ಹಿಡಿತದ ವಿಷಯ. ಸೆಲೆಸ್ಟ್ ಆಟದಲ್ಲಿ ಅಂಚು ದಾಟಿದ ಮೇಲೂ 0.1 ಸೆಕೆಂಡ್‌ವರೆಗೆ ಜಿಗಿಯಲು ಬಿಡುತ್ತಾರೆ. ಆಡುವವರು ತಮ್ಮ ಕೈಚಳಕವೇ ಅದು ಎಂದು ಬೀಗುತ್ತಾರೆ. ಈ ರಿಯಾಯಿತಿಯನ್ನು ನೀವೂ ಕೊಡಿ, ಆದರೆ ‘ಆರು ಫ್ರೇಮ್’ ಎಂದು ಬರೆಯಿರಿ. 60ರ ಯಂತ್ರದಲ್ಲಿ ಅದು ಅಷ್ಟೇ ಹೊತ್ತು; 144ರ ಯಂತ್ರದಲ್ಲಿ 0.04 ಸೆಕೆಂಡಿಗೆ ಕುಗ್ಗುತ್ತದೆ, ದುಬಾರಿ ಯಂತ್ರ ಕೊಂಡವರೇ ಹೆಚ್ಚು ಸಲ ಕಂದಕಕ್ಕೆ ಬೀಳುತ್ತಾರೆ.

ದೂರು ಬಂದರೆ, ಡ್ರೈವರ್ ಅಪ್‌ಡೇಟ್ ಮಾಡಿಕೊಳ್ಳಲು ತಿಳಿಸಿ.