ನಾಕು ಸಾಲದು, ಆರು ಬೇಕು

ಆರ್ಕೆಸ್ಟ್ರಾ ನೋಡಿ ಬಂದವರನ್ನು ಮರುದಿನ ಮಾತಾಡಿಸಿ ನೋಡಿ. ಹಾಡಿದವಳ ಸೀರೆ ಬಣ್ಣ ಹೇಳುತ್ತಾರೆ, ಡ್ರಮ್ ಬಾರಿಸಿದವನ ಕೂದಲು ವರ್ಣಿಸುತ್ತಾರೆ, ಕೀಬೋರ್ಡಿನವನು ಹಾಡಿನ ನಡುವೆ ಚಹಾ ಕುಡಿದದ್ದನ್ನೂ ಮರೆತಿರುವುದಿಲ್ಲ. ಬೇಸ್ ಗಿಟಾರ್ ಯಾರು ನುಡಿಸಿದರು ಅಂದರೆ ಮಾತ್ರ, "ಅದೂ ಇತ್ತೇನ್ರೀ?" ಅನ್ನುತ್ತಾರೆ. ಆ ಪುಣ್ಯಾತ್ಮ ಮೂರು ತಾಸು ಡ್ರಮ್ಮಿನ ಮಗ್ಗುಲಲ್ಲಿ ನಿಂತು, ಊರವರೆಲ್ಲರ ಎದೆಗೂಡು ನಡುಗಿಸಿ, ಫೋಟೋದಲ್ಲಿ ಅರ್ಧ ಮೊಣಕೈ ಮಾತ್ರ ಬಂದು ಮನೆಗೆ ಹೋಗಿರುತ್ತಾನೆ. ಈ ಅವಮಾನವನ್ನು ಎಷ್ಟು ವರ್ಷ ಅಂತ ನುಂಗುವುದು? ಒಂದು ರಾತ್ರಿ ಅವನಿಗೆ ಜ್ಞಾನೋದಯವಾಗುತ್ತದೆ: ತಪ್ಪು ನನ್ನದಲ್ಲ, ತಂತಿ ಕಡಿಮೆ ಬಿದ್ದಿವೆ.

ಚಿಂಬಲ್‌ನಲ್ಲಿ ಈ ಜ್ಞಾನೋದಯ ಆಗಿರುವುದು ನನ್ನ ಅಕ್ಕನ ಮಗನಿಗೆ. ಚಿಂಬಲ್ ಕಾಣದವರಿಗೆ ಹೇಳುತ್ತೇನೆ, ಅದು ಪಣಜಿಯ ಮಗ್ಗುಲಲ್ಲಿ ರಿಬಂದರ್‌ಗೆ ಅಂಟಿಕೊಂಡ ಊರು. ಅಲ್ಲಿನ ಇಂದಿರಾ ನಗರದೊಳಗೆ ಕಾಲಿಟ್ಟರೆ ನೀವು ಗೋವಾದಲ್ಲಿದ್ದೀರೋ ಬಾಗಲಕೋಟೆ ಬಸ್ ಸ್ಟ್ಯಾಂಡಿನ ಹಿಂದಿದ್ದೀರೋ ಎಂದು ಗಳಿಗೆ ಹೊತ್ತು ಗಲಿಬಿಲಿಯಾಗುತ್ತದೆ. ಕಟ್ಟಡದ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದ ಮಂದಿ ಇಲ್ಲೇ ಬೇರುಬಿಟ್ಟಿದ್ದಾರೆ. ಹಿರಿಯರು ಕನ್ನಡದಲ್ಲಿ ಬೈಯುತ್ತಾರೆ, ಹುಡುಗರು ಕೊಂಕಣಿಯಲ್ಲಿ ಎದುರುತ್ತರ ಕೊಡುತ್ತಾರೆ. ನಮ್ಮ ಹುಡುಗ ಹುಟ್ಟಿದ್ದೂ ಇಲ್ಲೇ. ಅವರಪ್ಪನಿಗೆ ಮಗ ಸಿವಿಲ್ ಇಂಜಿನಿಯರ್ ಆಗಲಿ ಎಂಬ ಆಸೆ. ಆದರೆ ಗೋವಾದ ಗಾಳಿ ಕುಡಿದ ಹುಡುಗ ಅಳತೆಯ ಟೇಪು ಹಿಡಿಯುತ್ತಾನೆಯೇ? ಇಲ್ಲಿ ಕೊಂಕಣಿಯ ತಿಯಾತ್ರ್ ನೋಡಲು ಹೋದರೂ ನಾಟಕದಷ್ಟೇ ಬ್ಯಾಂಡೂ ಮುಖ್ಯ. ಮುಂಬಯಿಯ ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳನ್ನು ದಶಕಗಟ್ಟಲೆ ನಡೆಸಿದವರಲ್ಲಿ ಗೋವಾದವರೇ ಮುಂದು. ಹುಡುಗ ಶನಿವಾರ, ಭಾನುವಾರ ಹೋಟೆಲೊಂದರ ಬ್ಯಾಂಡಿನಲ್ಲಿ ನುಡಿಸುತ್ತಾನೆ, ಚೌತಿಗೆ ನಮ್ಮವರ ಪೆಂಡಾಲಿನಲ್ಲಿ. ಹಳೆಯ ಆರ್ಕೆಸ್ಟ್ರಾದಲ್ಲಿ ನಾನೂ ಇದೇ ವಾದ್ಯ ಹಿಡಿದು ಕತ್ತಲಲ್ಲಿ ನಿಂತವನಾದ್ದರಿಂದ ಸಲಹೆಗೆ ನನ್ನ ಹತ್ತಿರವೇ ಬಂದ.

"ಮಾಮಾ, ಆರು ತಂತೀದು ಬೇಸ್ ತಗೋಬೇಕಂತ ಮಾಡೀನಿ."

"ಯಾಕಪಾ? ನಮ್ಮ ಬೇಂದ್ರೆ ಅಜ್ಜಾರು 'ನಾಕು ತಂತಿ' ಬರದು 1973ರಾಗ ಜ್ಞಾನಪೀಠ ತಗೊಂಡ್ರು. ನಿನಗ ಇನ್ನೂ ಎರಡು ಯಾಕ ಬೇಕು?"

"ಅವರು ಹೋಟೆಲ್ನ್ಯಾಗ ನುಡಸ್ತಿದ್ದಿಲ್ಲ ಮಾಮಾ."

ಬೇಂದ್ರೆಯವರು ಫಲಿಸಲಿಲ್ಲ. ಅಮೆರಿಕದವರನ್ನು ಕರೆತಂದೆ. ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ನಾಲ್ಕೇ ತಂತಿಯ ಮೇಲೆ, ಬಲಗೈಯ ಒಂದೇ ಬೆರಳಿನಲ್ಲಿ, ತಂತಿ ಹರಿಯುವವರೆಗೂ ಬದಲಿಸದೆ, ಜಗತ್ತನ್ನೇ ಕುಣಿಸಿದವರು. ಹುಡುಗ ಶಾಂತವಾಗಿ ಹೇಳಿದ, "ಅವರಿಗೆ ಇನ್‌ಸ್ಟಾಗ್ರಾಮ್ ಇದ್ದಿಲ್ಲ." ನಾನು ಇಳಯರಾಜಾ ಅವರ ಹೆಸರು ಎತ್ತಿದೆ. 'ಗೀತಾ', 'ಪಲ್ಲವಿ ಅನುಪಲ್ಲವಿ' ಸಿನಿಮಾಗಳ ಹಾಡು ಕೇಳು, ಹಾಡುವವರ ಪಕ್ಕದಲ್ಲೇ ಬೇಸ್ ಇನ್ನೊಂದು ಹಾಡು ಹಾಡಿಕೊಂಡು ಹೋಗುತ್ತದೆ ಅಂದೆ. "ಅದss ಮಾಮಾ, ಅದು ಯಾರಿಗೂ ಕೇಳಸೂದಿಲ್ಲ" ಅಂದ. ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಇದ್ದಿದ್ದರೆ ನಾನೂ ಯಾವುದಾದರೂ ಫೋಟೋದಲ್ಲಿ ಪೂರ್ತಿ ಬಂದಿರುತ್ತಿದ್ದೆ.

ನಿಜ ಹೇಳಬೇಕೆಂದರೆ ಹುಡುಗನ ಕಡೆಗೂ ನ್ಯಾಯವಿದೆ. 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದಾಗ ಅದಕ್ಕೆ ನಾಲ್ಕು ತಂತಿ ಹಾಕಿದ್ದು ಶಾಸ್ತ್ರ ನೋಡಿ ಅಲ್ಲ; ಆಳೆತ್ತರದ ಡಬಲ್ ಬೇಸಿಗೆ ನಾಲ್ಕಿದ್ದವು, ಇದಕ್ಕೂ ಅಷ್ಟೇ. ಆಂಟನಿ ಜಾಕ್ಸನ್ ಎಂಬ ನ್ಯೂಯಾರ್ಕಿನ ವಾದಕರು ಅದನ್ನೇ ಪ್ರಶ್ನಿಸಿದರು. ಇದು ಗಿಟಾರ್ ಮನೆತನದ ವಾದ್ಯ ತಾನೆ, ಮನೆತನಕ್ಕೆಲ್ಲ ಆರು ತಂತಿ ಇರುವಾಗ ತಗ್ಗು ದನಿಯ ಈ ಮಗನಿಗೆ ಮಾತ್ರ ಯಾಕೆ ನಾಲ್ಕು? ಎಪ್ಪತ್ತರ ದಶಕದ ಮಧ್ಯದಲ್ಲಿ ಕಾರ್ಲ್ ಥಾಮ್ಸನ್ ಎಂಬ ಕುಶಲಕರ್ಮಿಯಿಂದ ಅಂಥದ್ದೊಂದನ್ನು ಮಾಡಿಸಿಯೇ ಬಿಟ್ಟರು. ಕೆಳಗೆ ಒಂದು 'ಬಿ', ಮೇಲೆ ಒಂದು 'ಸಿ'. ಆಸ್ತಿ ಪಾಲಿನ ಈ ವಾದವನ್ನು ನಮ್ಮ ಕಡೆಯ ಯಾವ ವಕೀಲರೂ ತಳ್ಳಿಹಾಕಲಾರರು. ಆದರೆ ನಾನು ಹುಡುಗನಿಗೆ ಬಾಕಿ ಅರ್ಧವನ್ನೂ ಹೇಳಿದೆ: ಜಾಕ್ಸನ್ನರಿಗೆ ಮೊದಲು ಹೆಸರು ತಂದ 1973ರ 'ಫಾರ್ ದ ಲವ್ ಆಫ್ ಮನಿ' ಹಾಡಿನ ಬೇಸ್ ನುಡಿದದ್ದು ನಾಲ್ಕು ತಂತಿಯ ಮೇಲೇ.

"ಹೆಸರು ಬಂದ ಮ್ಯಾಲ ಆರು ಮಾಡಿಸಿದ್ರು ಹೌದಲ್ರೀ?" ಅಂದ. ಈಗಿನ ಹುಡುಗರಿಗೆ ತಮಗೆ ಬೇಕಾದ ಅರ್ಧ ಮಾತ್ರ ಕೇಳಿಸುತ್ತದೆ.

ಸರಿ, ಕೊಳ್ಳುವವನು ಹೇಗಿದ್ದರೂ ಕೊಳ್ಳುತ್ತಾನೆ, ಕಣ್ಣು ತೆರೆದಾದರೂ ಕೊಳ್ಳಲಿ ಎಂದು ಪಾಠಕ್ಕೆ ಕೂತೆ. ಅವನು ಫೋನಿನಲ್ಲಿ ತೋರಿಸಿದ ಮೊದಲನೆಯ ವಾದ್ಯದ ಮೈ ತುಂಬ ಹುಲಿಪಟ್ಟೆ, ಆರು ಗುಂಡಿ, ಬಂಗಾರದ ಬಣ್ಣದ ಬಿರಡೆಗಳು. "ಸ್ವಲ್ಪ ನೋಡ್ರಿ ಮಾಮಾ, ಕಟ್ಟಿಗಿ ಹೆಂಗೈತಿ." ಹುಡುಗಿ ನೋಡಲು ಹೋದವರು ಓಲೆ ಜುಮಕಿ ನೋಡಿ ಎದ್ದು ಬಂದ ಹಾಗಾಯಿತು ಇದು. ಆರು ತಂತಿಯ ಬೇಸಿನಲ್ಲಿ ಮೊದಲು ನೋಡಬೇಕಾದದ್ದು ಒಂದೇ, ಆ ದಪ್ಪ 'ಬಿ' ತಂತಿ. ಅದು ಚೆನ್ನಾಗಿದ್ದರೆ ಉಳಿದ ಐದರ ಜೊತೆ ಹೇಗಾದರೂ ಬಾಳಬಹುದು. ಅದು ಕೆಟ್ಟಿದ್ದರೆ ಬಂಗಾರದ ಬಿರಡೆ ತಗೊಂಡು ಅಡವಿಡಬೇಕಷ್ಟೇ.

ಯಾಕೆ ಅಂತೀರಾ? ನಾಲ್ಕು ತಂತಿಯ ಬೇಸಿನಲ್ಲಿ ಅತ್ಯಂತ ತಗ್ಗಿನ 'ಇ' ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. 'ಬಿ' ಕಂಪಿಸುವುದು 31 ಸಲ. ಮನುಷ್ಯನ ಕಿವಿ 20ರ ಆಸುಪಾಸಿನಲ್ಲಿ ಕೈಚೆಲ್ಲುತ್ತದೆ ಅನ್ನುವುದನ್ನು ನೆನಪಿಟ್ಟರೆ, ಇದು ಕೇಳುವುದಕ್ಕಿಂತ ಹೆಚ್ಚು ಹೊಟ್ಟೆಗೆ ತಾಗುವ ದನಿ. 'ಇ' ತಂತಿಯನ್ನೇ ಅದೇ ಉದ್ದದಲ್ಲಿ ಇಷ್ಟು ತಗ್ಗಿಸಲು ಬಿಗಿ ಸಡಿಲಿಸಿದರೆ ಹೆಚ್ಚೂಕಡಿಮೆ ಅರ್ಧದಷ್ಟು ಬಿಗಿ ಹೋಗಿಬಿಡುತ್ತದೆ. ತಂತಿ ಫ್ರೆಟ್ಟಿಗೆ, ಅಂದರೆ ಮೆಟ್ಟಿಲಿಗೆ, ಬಡಿದು ಗೊರಗೊರ ಅನ್ನುತ್ತದೆ. ಅದಕ್ಕೇ ತಂತಿಯನ್ನು ದಪ್ಪ ಮಾಡುತ್ತಾರೆ. ಮೇಲಿನ 'ಸಿ' ತಂತಿ ಒಂದು ಮಿಲಿಮೀಟರೂ ಇಲ್ಲ, ಕೆಳಗಿನ 'ಬಿ' 3.3 ಮಿಲಿಮೀಟರ್. ದಪ್ಪ ಮಾಡಿದರೆ ಇನ್ನೊಂದು ತಕರಾರು: ದಪ್ಪ ತಂತಿ ಸೆಟೆದುಕೊಳ್ಳುತ್ತದೆ, ಸೆಟೆದ ತಂತಿಯ ಮೇಲ್ಸ್ವರಗಳು ತಮ್ಮ ಜಾಗ ಬಿಟ್ಟು ಸರಿಯುತ್ತವೆ, ಸ್ವರ ಯಾವುದೆಂದು ತಿಳಿಯದ ಬರೀ ಗದ್ದಲ ಹೊರಡುತ್ತದೆ. ಇದಕ್ಕೆ ಉಪಾಯ ಉದ್ದ. ಸಾಮಾನ್ಯ ಬೇಸಿನಲ್ಲಿ ನುಡಿಯುವ ತಂತಿಯ ಉದ್ದ 34 ಇಂಚು. ಕೆಲವರು 35ಕ್ಕೆ ಹೋಗುತ್ತಾರೆ, ಜಾಕ್ಸನ್ನರಿಗೆ ಫೊಡೆರಾ ಕಂಪನಿಯವರು ಕಟ್ಟಿಕೊಟ್ಟದ್ದು 36. ಇನ್ನು ಕೆಲವರು ಫ್ರೆಟ್ಟುಗಳನ್ನು ಬೀಸಣಿಗೆಯ ಕಡ್ಡಿಗಳ ಹಾಗೆ ಓರೆ ಕೂಡಿಸಿ, ದಪ್ಪ ತಂತಿಗೆ ಹೆಚ್ಚು ಉದ್ದ, ಸಣ್ಣದಕ್ಕೆ ಕಡಿಮೆ ಉದ್ದ ಕೊಡುತ್ತಾರೆ. ಉದ್ದ ಹೆಚ್ಚಿದಷ್ಟೂ ಬಿಗಿ ಒಳ್ಳೆಯದು, ನಿಮ್ಮ ಎಡಗೈ ಮಾತ್ರ ಶಾಪ ಹಾಕುತ್ತದೆ. 34 ಇಂಚಿನದೂ ಒಳ್ಳೆಯದಾಗಿರಬಹುದು, ವಾದ್ಯದ ಕತ್ತು, ಅಂದರೆ ನೆಕ್, ಗಟ್ಟಿಯಾಗಿದ್ದರೆ.

ನೆಕ್ ವಿಚಾರಕ್ಕೆ ಹುಡುಗನ ಅಪ್ಪನೂ ಕಿವಿ ಕೊಟ್ಟರು. ಆರು ತಂತಿ ಸೇರಿ ಸುಮಾರು 100 ಕಿಲೋ ಎಳೆಯುತ್ತವೆ ಅಂದೆ. "ಅಂದ್ರ ಎರಡು ಚೀಲ ಸಿಮೆಂಟ್" ಅಂದರು. ಅವರಿಗೆ ತಕ್ಷಣ ಅರ್ಥವಾಯಿತು. ಎರಡು ಚೀಲ ಸಿಮೆಂಟ್ ಹಗಲೂ ರಾತ್ರಿ ಒಂದು ಕಟ್ಟಿಗೆ ಪಟ್ಟಿಯನ್ನು ಬಾಗಿಸುತ್ತಲೇ ಇರುವಾಗ ಆ ಪಟ್ಟಿ ಒಂದೇ ತುಂಡಾಗಿದ್ದರೆ ಸಾಲದು, ಬೇರೆ ಬೇರೆ ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ್ದಿದ್ದರೆ ವಾಸಿ. ಒಳಗೆ ಕಬ್ಬಿಣದ ಟ್ರಸ್ ರಾಡ್ ಒಂದರ ಬದಲು ಎರಡಿದ್ದರೆ ಇನ್ನೂ ವಾಸಿ. "ಸಳಿ ಹಾಕಿದ ಬೀಮ್" ಅಂದರು ಭಾವ. ಆರು ತಂತಿಯ ಬೇಸನ್ನು ಇಷ್ಟು ಚಂದ ಯಾರೂ ವಿವರಿಸಿದ್ದು ನಾನು ಕೇಳಿಲ್ಲ.

ಅಗಲವನ್ನೂ ಅಳೆಯಬೇಕು. ಫೆಂಡರಿನ ಜಾಝ್ ಬೇಸ್ ತಲೆಯ ಹತ್ತಿರ 38 ಮಿಲಿಮೀಟರ್ ಅಗಲ, ಆರು ತಂತಿಯದು 54ರ ಆಸುಪಾಸು. ಎಡಗೈ ಹೆಬ್ಬೆರಳು ಹಿಂದೆ ನಿಂತು, ಕಿರುಬೆರಳು ದಪ್ಪ ತಂತಿಯನ್ನು ಮುಟ್ಟಬೇಕು. ಮುಟ್ಟದಿದ್ದರೆ ಎಷ್ಟು ಒಳ್ಳೆಯ ವಾದ್ಯವಾದರೂ ಅದು ಬೇರೆಯವನದು. ಬ್ರಿಡ್ಜ್ ಹತ್ತಿರ ತಂತಿಗಳ ನಡುವಿನ ಸಂದು ಕಡಿಮೆ ಇದ್ದರೆ ಎಡಗೈಗೆ ಸುಖ, ಆದರೆ ಬಲಗೈ ಹೆಬ್ಬೆರಳಿನಿಂದ ಚಟ್ ಎಂದು ಹೊಡೆಯುವವರಿಗೆ ಬೆರಳು ತೂರುವುದಿಲ್ಲ. ಎರಡೂ ಕೈಗೆ ಒಟ್ಟಿಗೆ ಸುಖ ಕೊಡುವ ಆರು ತಂತಿ ಇನ್ನೂ ಹುಟ್ಟಿಲ್ಲ.

ಅಂಗಡಿಯಲ್ಲಿ ಕೈಗೆ ಸಿಕ್ಕರೆ ಮಾಡಬೇಕಾದ ಪರೀಕ್ಷೆ ಸಣ್ಣದು. 'ಬಿ' ತಂತಿಯ ಐದನೇ ಫ್ರೆಟ್ ಒತ್ತಿ ನುಡಿಸಿ, ಆಮೇಲೆ ಪಕ್ಕದ 'ಇ' ತಂತಿಯನ್ನು ಒತ್ತದೆ ನುಡಿಸಿ. ಎರಡೂ ಅದೇ ಸ್ವರ. ಅಣ್ಣತಮ್ಮಂದಿರ ದನಿ ಬರಬೇಕು. ಒಂದು ಮಾತಾಡಿ ಇನ್ನೊಂದು ಗೊಣಗಿದರೆ ವಾದ್ಯ ಕೆಳಗಿಟ್ಟು ನಮಸ್ಕಾರ ಮಾಡಿ ಹೊರಡಿ. ಇದನ್ನು ಪುಟ್ಟ ಆಂಪಿನಲ್ಲಿ ಕೇಳಬೇಡಿ, ಫೋನಿನಲ್ಲಂತೂ ಬೇಡವೇ ಬೇಡ. 31 ಕಂಪನದ ದನಿ ಫೋನಿನ ಸ್ಪೀಕರಿಗೆ ಬರುವುದೇ ಇಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಅವನು ಮರುಳಾದ ಆ 'ಬಿ' ತಂತಿ ಅವನ ಕಿವಿಗೆ ಬಿದ್ದಿದ್ದೇ ಸುಳ್ಳು. ಇದನ್ನು ಹೇಳಿದಾಗ ಹುಡುಗ ಮೊದಲ ಸಲ ಸ್ವಲ್ಪ ಮೆತ್ತಗಾದ.

ಮೊದಲ ಫ್ರೆಟ್ಟಿನಿಂದ ಕೊನೆಯವರೆಗೆ ಒಂದೊಂದೇ ಒತ್ತಿ ಕೇಳಬೇಕು. ನಮ್ಮ ವೀಣೆಗೂ 24 ಮೆಟ್ಟಿಲು, ಇಂಥ ಬೇಸುಗಳಲ್ಲಿ ಬಹಳಷ್ಟಕ್ಕೂ 24. ಆದರೆ ವೀಣೆಯ ಮೆಟ್ಟಿಲು ಮೇಣದಲ್ಲಿ ಕೂತಿರುತ್ತದೆ, ಸ್ವರ ತಪ್ಪಿದರೆ ಕರಗಿಸಿ ಮತ್ತೆ ಕೂಡಿಸಬಹುದು. ಬೇಸಿನ ಫ್ರೆಟ್ ಮರದೊಳಗೆ ಹೂತಿರುತ್ತದೆ, ಅಲ್ಲಿ ರಾಜಿ ಇಲ್ಲ. ಆ ಮರ ನಮ್ಮ ಘಟ್ಟದ ಬೀಟೆಯೇ ಇದ್ದೀತು. ಬ್ರೆಜಿಲ್ಲಿನ ಬೀಟೆಯ ವ್ಯಾಪಾರಕ್ಕೆ 1992ರಲ್ಲಿ ಕಡಿವಾಣ ಬಿದ್ದ ಮೇಲಂತೂ ಗಿಟಾರ್ ಮಾಡುವವರ ಕಣ್ಣು ನಮ್ಮ ಮರದ ಮೇಲೆಯೇ. ಸಮುದ್ರ ದಾಟಿ ಹೋಗಿ ಫ್ರೆಟ್‌ಬೋರ್ಡಾಗಿ ವಾಪಸು ಬಂದಾಗ ಅದರ ಬೆಲೆ ಕೇಳಿ, ಗುರುತು ಹಿಡಿಯಲು ಹೋಗಬೇಡಿ.

ಬೆಲ್ಟ್ ಹಾಕಿ ಎರಡೂ ಕೈ ಬಿಡಿ. ವಾದ್ಯದ ತಲೆ ಕೆಳಗೆ ಜಗ್ಗಿದರೆ ರಾತ್ರಿಯಿಡೀ ಎಡಗೈ ಅದನ್ನು ಹೊತ್ತುಕೊಂಡೇ ನುಡಿಸಬೇಕು. ಆಕ್ಟಿವ್ ಸರ್ಕ್ಯೂಟಿನ ಬೇಸ್ ಆದರೆ ಒಳಗೆ 9 ವೋಲ್ಟಿನ ಬ್ಯಾಟರಿ ಇರುತ್ತದೆ. ಕೇಬಲ್ ಚುಚ್ಚಿಟ್ಟೇ ಮಲಗಿದರೆ ಅದು ರಾತ್ರಿಯಿಡೀ ತೀರುತ್ತಲೇ ಇರುತ್ತದೆ. ಹೆಸರಿಗೆ ಮೋಸ ಹೋಗುವುದೂ ಉಂಟು: 1961ರ ಫೆಂಡರ್ ಸಿಕ್ಸಿಗೂ ಆರು ತಂತಿ, ಆದರೆ ಅದು ಗಿಟಾರಿನ ಆರು ತಂತಿಯನ್ನೇ ಒಂದು ಸ್ಥಾಯಿ ಕೆಳಗೆ ಇಳಿಸಿದ್ದು, ಇವನಿಗೆ ಬೇಕಾದ 'ಬಿ' ಅದರಲ್ಲಿಲ್ಲ. ಬ್ರ್ಯಾಂಡ್ ಕೇಳುವವರಿಗೆ, ಐಬನೆಜ್‌ನವರ ಜಿಎಸ್‌ಆರ್ 206 ಕಡಿಮೆ ದರದ್ದು, ಎಸ್‌ಆರ್ 506 ಅದಕ್ಕಿಂತ ಮೇಲಿನದು, ಎರಡೂ 34 ಇಂಚು. ನನ್ನ ಮಟ್ಟಿಗೆ ಕಡಿಮೆ ದರದ ಹೊಸ ಆರು ತಂತಿಗಿಂತ ಒಳ್ಳೆಯ ಕೈಯಲ್ಲಿ ಪಳಗಿದ ಹಳೆಯ ಆರು ತಂತಿ ವಾಸಿ, ಅದರ ನೆಕ್ ಬಾಗುವಷ್ಟು ಬಾಗಿ ಮುಗಿಸಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಕೆಲಸವನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಆರು ತಂತಿಯಲ್ಲಿ ಒಂದನ್ನು ನುಡಿಸುವಾಗ ಐದನ್ನು ಸುಮ್ಮನಿರಿಸಬೇಕು. ಹತ್ತಿರದ ತಂತಿ ನುಡಿದರೆ ಸಾಕು, ಕರೆಯದಿದ್ದರೂ ದಪ್ಪ 'ಬಿ' ತಾನಾಗಿ ಮುಲುಗತೊಡಗುತ್ತದೆ. ಬಲಗೈ ಹೆಬ್ಬೆರಳು ಅದರ ಮೇಲೆ ಸದಾ ಕಾವಲು ಕೂತಿರಬೇಕು. ಅಂದರೆ ಹೊಸ ತಂತಿ ಕೊಂಡ ಮೊದಲ ವರ್ಷವೆಲ್ಲ ಕಲಿಯುವುದು ಅದನ್ನು ನುಡಿಸದೇ ಇರುವುದನ್ನು.

ಇಷ್ಟಾದ ಮೇಲೂ ಹುಡುಗ ಜಗ್ಗಲಿಲ್ಲ. ಜಗ್ಗದಿದ್ದಕ್ಕೆ ನನಗೆ ಒಳಗೊಳಗೇ ಸಂತೋಷವಾಯಿತು, ಹೊರಗೆ ಹುಬ್ಬು ಗಂಟಿಕ್ಕಿಕೊಂಡೇ ಇದ್ದೆ. ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡಿದ್ದ ಅಕ್ಕ ಅಷ್ಟರಲ್ಲಿ ಹೊರಗೆ ಬಂದಳು.

"ಆರು ತಂತಿ ನುಡಿಸಿದ್ರ ಹೋಟೆಲ್ನವರು ಪಗಾರ ಜಾಸ್ತಿ ಕೊಡ್ತಾರೇನು?"

"ಇಲ್ಲವ್ವಾ."

"ಹಂಗಾರ ನಾಕು ತಂತಿ ಪಗಾರಕ್ಕ ಆರು ತಂತಿ ದುಡಿಮಿ." ಭಾವ ತಲೆಯಾಡಿಸಿದರು. ಕೂಲಿ ಲೆಕ್ಕದಲ್ಲಿ ಈ ಮನೆಯಲ್ಲಿ ಅಕ್ಕನನ್ನು ಯಾರೂ ಮೀರಿದ್ದಿಲ್ಲ. "ತಗೊಳ್ಳೂದಾದ್ರ ಮಳಿಗಾಲ ಮುಗಿದ ಮ್ಯಾಲ ತಗೋ. ಈಗ ಗ್ವಾಡಿ ಎಲ್ಲ ತೊಯ್ದಾವು, ಕಟ್ಟಿಗಿ ಉಬ್ಬತೈತಿ."

ಟ್ರಸ್ ರಾಡ್, ಉಪ್ಪು ಗಾಳಿ, ತೇವಕ್ಕೆ ಬಾಗುವ ನೆಕ್, ತುಕ್ಕು ಹಿಡಿಯುವ ತಂತಿ, ಇವೆಲ್ಲದರ ಬಗ್ಗೆ ನಾನು ಇಟ್ಟುಕೊಂಡಿದ್ದ ಭಾಷಣ ಅಲ್ಲಿಗೆ ಮುಗಿಯಿತು.

"ಮುಗಿದ ಮ್ಯಾಲ ತಂದ್ರ ಎಲ್ಲಿ ಇಡ್ತಿ?" ಅಕ್ಕ ಬಿಡಲಿಲ್ಲ.

"ಕಪಾಟಿನ ಮ್ಯಾಲ."

"ಅಲ್ಲಿ ಗಣಪತಿ ಮಂಟಪ ಐತಿ. ಅದನ್ನ ಇಳಸಾಂಗಿಲ್ಲ."

ಹುಡುಗ ಎದ್ದುಹೋಗಿ ಅಪ್ಪನ ಟೇಪು ತಂದು ಮಂಚದ ಕೆಳಗೆ ಅಳೆಯತೊಡಗಿದ.