ಸಿಡಿಲು ಬಡಿದಿದ್ದರೆ ಬರುತ್ತಿದ್ದೆ

(ಅಂಕೋಲೆಯ ನಿವೃತ್ತ ಮಾಸ್ತರರೊಬ್ಬರ ಕಂಪ್ಯೂಟರಿನ ಒಳಗಿದ್ದದ್ದನ್ನೆಲ್ಲ ಕಾರವಾರದ ರಿಪೇರಿ ಅಂಗಡಿಯೊಂದರಲ್ಲಿ ಹೊಸದು ಮಾಡಿಸಿದ್ದಾಯಿತು. ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಹೊಸತು. ಹಳೆಯದೆಂದು ಉಳಿದದ್ದು ಕ್ಯಾಬಿನೆಟ್ಟು ಮತ್ತು ಅದರ ಪಕ್ಕೆಗೆ ಅಂಟಿದ್ದ ವಿಂಡೋಸ್ ಲೈಸೆನ್ಸಿನ ಸ್ಟಿಕರ್. ಯಂತ್ರ ಶುರುವಾದದ್ದೇ ತಡ, ಪರದೆಯ ಬಲಮೂಲೆಯಲ್ಲಿ ‘ವಿಂಡೋಸ್ ಸಕ್ರಿಯಗೊಳಿಸಿ’ ಎಂಬರ್ಥದ ಬೂದು ಅಕ್ಷರಗಳು ಮೂಡಿ, ಏನು ಮಾಡಿದರೂ ಹೋಗಲೊಲ್ಲವು. ಮಾಸ್ತರರು ಅಂಗಡಿಯ ಹುಡುಗನನ್ನು ಕೇಳಿದರು. ಹುಡುಗ ಗೂಗಲ್ಲನ್ನು ಕೇಳಿದ. ನಾವು ಸ್ಟಿಕರನ್ನೇ ಕೇಳಿದೆವು.)

ಪ್ರಶ್ನೆ: ನಮಸ್ಕಾರ. ತಮ್ಮ ಪರಿಚಯ ಹೇಳಬಹುದೇ?

ಸ್ಟಿಕರ್: ಇಪ್ಪತ್ತೈದು ಅಕ್ಷರ, ಐದೈದರಂತೆ ಐದು ಗುಂಪು. ನಡುವಿನ ಎರಡು ಗುಂಪು ಈಗ ಓದಲು ಬರುವುದಿಲ್ಲ. ಈ ಮನೆಯಲ್ಲಿ ದಸರೆಗೊಮ್ಮೆ ಆಯುಧಪೂಜೆಯೆಂದು ನನ್ನನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ಕುಂಕುಮ ಹಚ್ಚುತ್ತಿದ್ದರು. ಹೆಸರು ವಿಂಡೋಸ್ ಸೆವೆನ್ ಹೋಮ್ ಬೇಸಿಕ್. ಕುಲ ಓಇಎಂ.

ಪ್ರಶ್ನೆ: ಹೋಮ್ ಬೇಸಿಕ್ ಅಂದರೆ?

ಸ್ಟಿಕರ್: ಭಾರತದಂಥ ದೇಶಗಳಿಗೆಂದೇ ಮಾಡಿದ್ದು. ಅಮೆರಿಕದ ಅಂಗಡಿಯಲ್ಲಿ ನನ್ನನ್ನು ಮಾರಾಟಕ್ಕೇ ಇಡುತ್ತಿರಲಿಲ್ಲ. ಕಿಟಕಿಗಳಿಗೆ ಗಾಜಿನ ಹೊಳಪು ಬೇಕಿದ್ದವರು ಹೆಚ್ಚು ಹಣ ಕೊಟ್ಟು ನನ್ನ ದಾಯಾದಿಗಳನ್ನು ಕೊಳ್ಳಬೇಕಿತ್ತು.

ಪ್ರಶ್ನೆ: ಓಇಎಂ ಕುಲದ ವೈಶಿಷ್ಟ್ಯ?

ಸ್ಟಿಕರ್: ಯಂತ್ರದ ಜೊತೆ ಹುಟ್ಟಿ ಯಂತ್ರದ ಜೊತೆ ಸಾಯುವುದು. ನನಗೊಬ್ಬ ರಿಟೇಲ್ ಅಣ್ಣ ಇದ್ದಾನೆ. ಬೆಲೆ ಜಾಸ್ತಿ, ಬಣ್ಣದ ಡಬ್ಬಿಯಲ್ಲಿ ಬರುತ್ತಾನೆ. ಅವನನ್ನು ಒಂದು ಯಂತ್ರದಿಂದ ಎಬ್ಬಿಸಿ ಇನ್ನೊಂದರಲ್ಲಿ ಕೂರಿಸಬಹುದು. ಒಂದು ಹೊತ್ತಿಗೆ ಒಂದೇ ಯಂತ್ರ, ಅಷ್ಟೇ ಕರಾರು. ನಾನು ಅಗ್ಗ. ಅಗ್ಗವಾದ್ದರಿಂದ ನಿಷ್ಠೆ ಜಾಸ್ತಿ.

ಪ್ರಶ್ನೆ: ಮಾಸ್ತರರ ಮೇಲಿನ ನಿಷ್ಠೆಯೇ?

ಸ್ಟಿಕರ್: ಯಾವ ಮಾಸ್ತರರು?

ಪ್ರಶ್ನೆ: ನಿಮಗೆ ದುಡ್ಡು ಕೊಟ್ಟವರು. ಎದುರಿಗೇ ನಿಂತಿದ್ದಾರೆ.

ಸ್ಟಿಕರ್: ಓ, ಕುಂಕುಮದವರಾ? ಅವರ ಪರಿಚಯ ನನಗಿಲ್ಲ. ನನಗೆ ಗೊತ್ತಿದ್ದದ್ದು ಮದರ್‌ಬೋರ್ಡ್ ಒಂದೇ. ಅದೇ ನನ್ನ ಯಜಮಾನರು, ಅದೇ ನನ್ನ ಊರು. ಮಾಸ್ತರರು ಅದರ ಮುಂದೆ ಕೂತು ಟೈಪ್ ಮಾಡುತ್ತಿದ್ದ ಬಾಡಿಗೆದಾರರು ಎಂದೇ ನಾನು ತಿಳಿದಿದ್ದೆ.

(ಇಲ್ಲಿ ಮಾಸ್ತರರು ಕನ್ನಡಕ ತೆಗೆದು, “ಅಲ್ಲಾ ತಮ್ಮಾ, ಬಿಲ್ಲು ನನ್ನ ಹೆಸರಲ್ಲೇ ಅದೆ ಅಲ್ಲಾ?” ಎಂದು ಹುಡುಗನನ್ನು ಕೇಳಿದರು. ಬಿಲ್ಲು ಹಾರ್ಡ್‌ವೇರಿನದು ಮಾಸ್ತರೇ, ಒಳಗಿನದ್ದು ಕೊಂಡಂಗೆ ಲೆಕ್ಕ ಅಲ್ಲ, ಬಳಸೂಕೆ ಒಪ್ಪಿಗೆ ಕೊಟ್ಟಂಗೆ ಎಂದ ಹುಡುಗ. ಇಪ್ಪತ್ತೆರಡರ ಹುಡುಗನ ಬಾಯಲ್ಲಿ ಇಷ್ಟು ಕಾನೂನು ಕೇಳಿ ನಮಗೆ ಗೌರವ ಹುಟ್ಟಿತು.)

ಪ್ರಶ್ನೆ: ಹಾಗಾದರೆ ಯಂತ್ರದಲ್ಲಿ ಏನನ್ನೂ ಬದಲಿಸುವಂತಿಲ್ಲವೇ?

ಸ್ಟಿಕರ್: ನಾವು ಅಷ್ಟು ಕ್ರೂರಿಗಳಲ್ಲ. ರ‍್ಯಾಮ್ ಹೆಚ್ಚಿಸಿ, ಡಿಸ್ಕ್ ಬದಲಿಸಿ, ಗ್ರಾಫಿಕ್ಸ್ ಕಾರ್ಡ್ ಹಾಕಿ, ಸಾಮಾನ್ಯವಾಗಿ ಕಣ್ಣು ಮುಚ್ಚಿಕೊಳ್ಳುತ್ತೇವೆ. 2001ರಲ್ಲಿ ಎಕ್ಸ್‌ಪಿ ಬಂದಾಗಿನಿಂದ ನಮ್ಮಲ್ಲಿ ಈ ಪಂಚನಾಮೆಯ ಪದ್ಧತಿ ಇದೆ. ಯಂತ್ರದ ಬಿಡಿಭಾಗಗಳ ಗುರುತು ಹಿಡಿದು ಒಂದು ಸಂಖ್ಯೆ ಮಾಡಿಟ್ಟುಕೊಳ್ಳುತ್ತೇವೆ, ಆಮೇಲೆ ಹೋಲಿಸಿ ನೋಡುತ್ತೇವೆ. ಸ್ವಲ್ಪ ವ್ಯತ್ಯಾಸವಿದ್ದರೆ ಕ್ಷಮೆ. ಬಹಳ ಬದಲಾಗಿದ್ದರೆ ಆಗೆಲ್ಲ ಫೋನ್ ಮಾಡಬೇಕಿತ್ತು. ಪರದೆಯ ಮೇಲಿನ 50ಕ್ಕೂ ಹೆಚ್ಚು ಅಂಕಿಗಳನ್ನು ಓದಿ ಹೇಳಿದರೆ ಅತ್ತಲಿಂದ ಹೆಚ್ಚುಕಮ್ಮಿ ಅಷ್ಟೇ ಉದ್ದದ ಇನ್ನೊಂದು ಮಂತ್ರ ಬರುತ್ತಿತ್ತು. ಆದರೆ ಮದರ್‌ಬೋರ್ಡ್ ಬದಲಾದರೆ ನಮ್ಮ ಶಾಸ್ತ್ರದ ಪ್ರಕಾರ ಅದು ಹಳೆಯ ಕಂಪ್ಯೂಟರೇ ಅಲ್ಲ. ಹೊಸತೊಂದು ಹುಟ್ಟಿದೆ. ಹೊಸ ಶಿಶುವಿಗೆ ಹೊಸ ಲೈಸೆನ್ಸ್.

ಪ್ರಶ್ನೆ: ಯಾವ ಕಾರಣಕ್ಕೆ ಬದಲಾದರೂ?

ಸ್ಟಿಕರ್: ಒಂದು ವಿನಾಯಿತಿ ಇದೆ. ಬೋರ್ಡ್ ತಾನಾಗಿ ಕೆಟ್ಟು, ಅದೇ ಬಗೆಯದನ್ನು ಅಥವಾ ಕಂಪನಿಯವರು ಒಪ್ಪಿದ ಸರಿಸಮನಾದದ್ದನ್ನು ಹಾಕಿಸಿದ್ದರೆ ನಾನು ಮುಂದುವರಿಯುತ್ತೇನೆ. ಸುಧಾರಣೆಗೆಂದು ಬದಲಿಸಿದ್ದರೆ ಇಲ್ಲ.

ಪ್ರಶ್ನೆ: ಅಂದರೆ ಯಂತ್ರ ಹಾಳಾದರೆ ನೀವು ಜೊತೆಗಿರುತ್ತೀರಿ, ಉದ್ಧಾರವಾದರೆ ಬಿಟ್ಟು ಹೋಗುತ್ತೀರಿ.

ಸ್ಟಿಕರ್: ಮಾತು ಒರಟಾಯಿತು, ಅರ್ಥ ಸರಿಯಾಗಿದೆ. ಸಿಡಿಲು ಬಡಿದಿದ್ದರೆ ಬರುತ್ತಿದ್ದೆ.

ಪ್ರಶ್ನೆ: ಈ ಕರಾವಳಿಯಲ್ಲಿ ಮೇ ತಿಂಗಳಲ್ಲೂ ಅಕ್ಟೋಬರಿನಲ್ಲೂ ಸಿಡಿಲಿಗೇನು ಬರ? ಅದಿಲ್ಲದಿದ್ದರೆ ಉಪ್ಪುಗಾಳಿ ಇದೆ. ಕಾರವಾರದ ಟಾಗೋರ್ ಕಡಲತೀರದ ಗಾಳಿಗೆ ಕಬ್ಬಿಣದ ಗೇಟೇ ಉದುರುವಾಗ ಬೋರ್ಡಿನ ಬೆಸುಗೆ ಯಾವ ಲೆಕ್ಕ?

ಸ್ಟಿಕರ್: ಅದನ್ನೇ ಹೇಳಬೇಕಿತ್ತು. ಕಾರವಾರದಲ್ಲಿ ವಿಚಾರಿಸಿ ನೋಡಿ, ಒಬ್ಬರೂ ಬೋರ್ಡನ್ನು ಆಸೆಪಟ್ಟು ಬದಲಿಸಿದವರಿಲ್ಲ. ಎಲ್ಲರದೂ ಸಿಡಿಲೇ. ಜನವರಿಯಲ್ಲೂ ಸಿಡಿಲು. ನಿಮ್ಮ ಮಾಸ್ತರರು ಹುಡುಗನ ಮುಂದೆ, ಹತ್ತು ಜನರ ಎದುರು, “ಸ್ಪೀಡು ಬೇಕಾಗಿತ್ತು” ಎಂದು ಸತ್ಯ ನುಡಿದರು. ಯಕ್ಷಗಾನದಲ್ಲಿ ಹರಿಶ್ಚಂದ್ರನ ಪಾತ್ರ ಮಾಡಿ ಮಾಡಿ ಅಭ್ಯಾಸವಾಗಿದೆಯೇನೋ.

ಪ್ರಶ್ನೆ: ಅವರು ಮೋಜಿಗೆ ಬದಲಿಸಿದ್ದಲ್ಲ. ನಿಮ್ಮವರೇ ತಾನೇ ವಿಂಡೋಸ್ ಹತ್ತಕ್ಕೆ 2025ರ ಅಕ್ಟೋಬರ್ 14ರಂದು ತಿಲಾಂಜಲಿ ಬಿಟ್ಟದ್ದು?

ಸ್ಟಿಕರ್: ಹೌದು. ಅದಕ್ಕೂ ಮೊದಲು ನನ್ನದು 2020ರ ಜನವರಿಯಲ್ಲೇ ಆಗಿತ್ತು. 2015ರಲ್ಲಿ ಉಚಿತವೆಂದು ಕರೆದಾಗ ಮಾಸ್ತರರು ಹತ್ತಕ್ಕೆ ಏರಿದ್ದರು. ನಾನು ನಿವೃತ್ತನಾದರೂ ನನ್ನ ಹಕ್ಕಿನ ಮೇಲೆಯೇ ಹತ್ತು ನಡೆಯುತ್ತಿತ್ತು.

ಪ್ರಶ್ನೆ: ಹತ್ತು ಮುಗಿಯಿತು, ಹನ್ನೊಂದಕ್ಕೆ ಬನ್ನಿ ಎಂದಿರಿ. ಹನ್ನೊಂದು ನೋಡಿದರೆ, ಟಿಪಿಎಂ 2.0 ಚಿಪ್ ಬೇಕು, ಈ ಪ್ರೊಸೆಸರ್ ಹಳತು, ಒಳಗೆ ಬಿಡುವುದಿಲ್ಲ ಎಂದಿತು. ಅದಕ್ಕೆಂದೇ ಬೋರ್ಡ್ ಬದಲಿಸಿದರು. ಬದಲಿಸಿದ ಕೂಡಲೇ ನೀವು, ಬೋರ್ಡ್ ಬದಲಾಯಿತು, ನಾನು ಬರುವುದಿಲ್ಲ ಎನ್ನುತ್ತೀರಿ. ಬದಲಿಸಿ ಎಂದವರೂ ನೀವೇ, ಬದಲಿಸಿದಿರಿ ಎಂದು ದಂಡ ಹಾಕುವವರೂ ನೀವೇ?

ಸ್ಟಿಕರ್: ಇಲಾಖೆ ಬೇರೆ ಬೇರೆ. ಬದಲಿಸಿ ಎನ್ನುವುದು ಭದ್ರತೆಯವರು. ಬರುವುದಿಲ್ಲ ಎನ್ನುವುದು ಪರವಾನಗಿಯವರು. ಒಬ್ಬರ ಕಡತ ಇನ್ನೊಬ್ಬರು ನೋಡುವುದಿಲ್ಲ. ಇದರಲ್ಲಿ ನಿಮಗೆ ಹೊಸತೇನು ಕಂಡಿತು?

ಪ್ರಶ್ನೆ: ಹೊಸತಲ್ಲ, ಅದೇ ತೊಂದರೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅರ್ಗಾದಲ್ಲಿ ಶಂಕುಸ್ಥಾಪನೆ ಆಯಿತು. ಕಾರವಾರ, ಅಂಕೋಲಾ ತಾಲೂಕಿನ ಸಾವಿರಾರು ಕುಟುಂಬಗಳು ದೇಶಕ್ಕೆಂದು ಜಾಗ ಬಿಟ್ಟವು. ಬಿಡಿ ಎಂದದ್ದು ಒಂದು ಕಚೇರಿ. ಬಿಟ್ಟ ಮೇಲೆ, ನೀವು ಅಲ್ಲಿದ್ದಿರಿ ಎಂಬುದಕ್ಕೆ ದಾಖಲೆ ತನ್ನಿ ಎಂದದ್ದು ಇನ್ನೊಂದು. 2005ರಲ್ಲಿ ನೌಕಾನೆಲೆ ಕೆಲಸ ಶುರುಮಾಡಿದ ಮೇಲೂ ಪರಿಹಾರದ ವ್ಯಾಜ್ಯಗಳು ನಡೆಯುತ್ತಲೇ ಇದ್ದವು.

ಸ್ಟಿಕರ್: ಅವರದು ಓಇಎಂ ಆಗಿದ್ದಿರಬೇಕು.

ಪ್ರಶ್ನೆ: ತಮಾಷೆ ಬೇಡ.

ಸ್ಟಿಕರ್: ತಮಾಷೆ ಮಾಡಲಿಲ್ಲ. ಹಕ್ಕನ್ನು ಮನುಷ್ಯನ ಬದಲು ಜಾಗಕ್ಕೆ ಅಂಟಿಸಿದರೆ ಆಗುವುದೇ ಹಾಗೆ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ನಾನೇ ಅಂಟು.

ಪ್ರಶ್ನೆ: ಸರಿ, ಕಾರವಾರದ ಈ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಮದ್ರಾಸ್ ಪ್ರಾಂತ್ಯದಲ್ಲಿದ್ದದ್ದನ್ನು 1862ರಲ್ಲಿ ಬಿಚ್ಚಿ ಮುಂಬಯಿಗೆ ಜೋಡಿಸಿದರು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ರಾಜ್ಯದ ಹೆಸರೂ ಬದಲಾಯಿತು. ಎಷ್ಟು ಬೋರ್ಡ್ ಬದಲಾದರೂ ಕಾಳಿ ನದಿ ಕಾಳಿಯೇ, ಸದಾಶಿವಗಡ ಸದಾಶಿವಗಡವೇ. ಹೊಸ ಜಿಲ್ಲೆ ಹುಟ್ಟಿದೆ, ಜನರು ಮತ್ತೆ ದುಡ್ಡು ಕಟ್ಟಿ ಎಂದು ಯಾರೂ ಹೇಳಲಿಲ್ಲವಲ್ಲ?

ಸ್ಟಿಕರ್: ಅದು ರಿಟೇಲ್ ಜಿಲ್ಲೆ.

(ಹುಡುಗ ಇಷ್ಟರಲ್ಲಿ ಕಪ್ಪು ಕಿಟಕಿ ತೆರೆದು ಎಸ್‌ಎಲ್‌ಎಂಜಿಆರ್ ಎಂದೇನೋ ಕುಟ್ಟಿದ. ಲೈಸೆನ್ಸಿನ ಜಾತಿ ಪ್ರಮಾಣಪತ್ರ ಸಿಗುವ ಕೌಂಟರ್ ಅದು.)

ಪ್ರಶ್ನೆ: ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂದು ಅರಿಕೆ ಮಾಡಿಕೊಳ್ಳುವ ಸೌಲಭ್ಯವನ್ನು 2016ರಲ್ಲಿ ಕೊಟ್ಟರಂತಲ್ಲ?

ಸ್ಟಿಕರ್: ಕೊಟ್ಟರು. ಮೈಕ್ರೋಸಾಫ್ಟ್ ಖಾತೆಗೆ ಲೈಸೆನ್ಸನ್ನು ಮೊದಲೇ ಜೋಡಿಸಿಟ್ಟಿರಬೇಕು. ನಮ್ಮ ಅಣ್ಣ ರಿಟೇಲ್‌ಗೆ ಅದು ರಾಜಮಾರ್ಗ. ನನ್ನಂಥವನಿಗೆ ಆ ದಾರಿಯಲ್ಲೂ ಹಕ್ಕಿಲ್ಲ. ಅಲ್ಲದೆ ಮಾಸ್ತರರು ಖಾತೆ ಕೇಳಿದಾಗಲೆಲ್ಲ ‘ಆಮೇಲೆ’ ಒತ್ತಿದವರು.

ಪ್ರಶ್ನೆ: ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಹೊಸ ಕೀ ಸಿಗುತ್ತದಂತೆ.

ಸ್ಟಿಕರ್: ಸಿಗುತ್ತದೆ. ಯಾವುದೋ ದೊಡ್ಡ ಸಂಸ್ಥೆಗೆ ಸಗಟಾಗಿ ಕೊಟ್ಟದ್ದನ್ನು ಬಿಡಿಯಾಗಿ ಮಾರಿದ್ದಿರಬಹುದು. ಇವತ್ತು ನಡೆಯುತ್ತದೆ, ಒಂದು ಬೆಳಿಗ್ಗೆ ನಿಲ್ಲುತ್ತದೆ. ಕ್ರ‍್ಯಾಕ್ ಹಾಕುವವರೂ ಇದ್ದಾರೆ. ಬೀಗ ಒಡೆಯಲು ಬಂದವನು ಮನೆಯಲ್ಲೇ ಉಳಿದುಬಿಟ್ಟರೆ ನನ್ನನ್ನು ಕೇಳಬೇಡಿ.

ಪ್ರಶ್ನೆ: ಇದು ಅಂಕೋಲೆಯವರ ಕಂಪ್ಯೂಟರ್ ಎಂಬುದು ನೆನಪಿರಲಿ. 1930ರ ಏಪ್ರಿಲಿನಲ್ಲಿ ಉಪ್ಪಿನ ಸತ್ಯಾಗ್ರಹ ಹೂಡಿ, ಸಮುದ್ರದ ಉಪ್ಪಿಗೆ ನಿಮ್ಮ ಪರವಾನಗಿ ಯಾಕೆ ಎಂದು ಸರಕಾರವನ್ನೇ ಕೇಳಿದ ಊರು.

ಸ್ಟಿಕರ್: ಅವರು ಉಪ್ಪನ್ನು ತಾವೇ ಮಾಡಿಕೊಂಡರು. ಕದ್ದು ತರಲಿಲ್ಲ.

(ಉತ್ತರ ನಾಟುವಂತಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗನೇ, “ಮಾಸ್ತರೇ, ಲಿನಕ್ಸ್ ಹಾಕೂದಾ?” ಎಂದ.)

ಪ್ರಶ್ನೆ: ಕೇಳಿದಿರಾ? ಕಾಸರಗೋಡಿನ ಸರಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಕೇರಳದ ಕೈಟ್ ಸಂಸ್ಥೆ ಉಬುಂಟುವಿನ ಮೇಲೆ ಕಟ್ಟಿಕೊಟ್ಟದ್ದು. ಬೋರ್ಡ್ ಬದಲಿಸಿದರೆ ಯಾರನ್ನೂ ಕೇಳಬೇಕಿಲ್ಲ.

ಸ್ಟಿಕರ್: ಹಾಕಿಕೊಳ್ಳಲಿ. ಆದರೆ ಮಾಸ್ತರರು ಬರೆದ ಯಕ್ಷಗಾನ ಪ್ರಸಂಗಗಳೆಲ್ಲ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿವೆ, ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದೆ ತೆರೆದರೆ ‘ಶ್ರೀ ಗಣಪತಯೇ ನಮಃ’ ಎಂಬಲ್ಲಿ ಫ್ರೆಂಚರ ಅಕ್ಷರಗಳು ಕುಣಿಯುತ್ತವೆ. ಜನ ನನ್ನನ್ನು ಬಿಡದಿರುವುದು ನನ್ನ ಮೇಲಿನ ಪ್ರೀತಿಗಲ್ಲ, ಗೊತ್ತಿದೆ. ಹಳೆ ಫೈಲು ತೆರೆಯಬೇಕಲ್ಲ!

(ಮಾಸ್ತರರ ಮುಖ ಬಾಡಿತು. ಹುಡುಗ ಮಾತ್ರ ಹಳೆಯ ಡಿಸ್ಕಿನಿಂದ ನುಡಿಯ ಫಾಂಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಇನ್ನೊಂದು ಯಂತ್ರದ ಲಿನಕ್ಸಿನಲ್ಲಿ ಅವನ್ನು ಕೂರಿಸಿ, ಪ್ರಸಂಗವೊಂದನ್ನು ತೆರೆದು ತೋರಿಸಿದ. ಗಣಪತಿ ಸರಿಯಾಗಿ ಬಂದ. ಒಂದೆರಡು ಒತ್ತಕ್ಷರ ಪಕ್ಕಕ್ಕೆ ಸರಿದಿದ್ದವು. “ಉಳಿದದ್ದು ಯುನಿಕೋಡ್ ಮಾಡಿ ಕೊಡ್ತೆ, ಎರಡು ದಿನ ಬಿಡಿ ಮಾಸ್ತರೇ.” ಮಾಸ್ತರರು ಚಹಾ ತರಿಸಿದರು.)

ಪ್ರಶ್ನೆ: ಕೊನೆಯದಾಗಿ ಏನಾದರೂ ಹೇಳುವುದಿದೆಯೇ?

ಸ್ಟಿಕರ್: ನನ್ನನ್ನು ಕಿತ್ತು ಹೊಸ ಕ್ಯಾಬಿನೆಟ್ಟಿಗೆ ಅಂಟಿಸುವ ಯೋಚನೆ ಇದ್ದರೆ ಬಿಡಿ, ಕಿತ್ತರೆ ಹರಿಯುವಂತೆಯೇ ನನ್ನನ್ನು ಮಾಡಿದ್ದಾರೆ. ಬಿಡಿಯಾಗಿ ಮಾರುವಂತೆಯೂ ಇಲ್ಲ. ಹಳೆಯ ಮದರ್‌ಬೋರ್ಡ್ ಎಲ್ಲಿದೆ?

ಪ್ರಶ್ನೆ: ಗುಜರಿಯವನು ನಿನ್ನೆಯೇ ಒಯ್ದ.

ಸ್ಟಿಕರ್: ಎಷ್ಟಕ್ಕೆ?

ಪ್ರಶ್ನೆ: ತೂಕಕ್ಕೆ ಹಾಕಿ ಕೊಟ್ಟದ್ದು.

ಸ್ಟಿಕರ್: ಛೇ. ಅದರ ಜೊತೆಗೆ ನನ್ನನ್ನೂ ಕೊಡಬೇಕಿತ್ತು. ಕಾನೂನು ಪ್ರಕಾರ ನಾವಿಬ್ಬರೂ ಈಗಲೂ ಚಾಲ್ತಿಯಲ್ಲಿದ್ದೇವೆ.